ಮೇಜಿಗೊಬ್ಬ ಹೊಸಬ: ಪೋಕರ್ ವಿದ್ಯೆಯ ಇನ್ನೂರು ವರ್ಷ

ಜಿಲ್ಲಾ ಪುಟದಲ್ಲಿ ವಾರಕ್ಕೊಮ್ಮೆಯಾದರೂ ಕಾಣುವ ಸುದ್ದಿಯೊಂದಿದೆ. 'ಅಂದರ್ ಬಾಹರ್: ಎಂಟು ಮಂದಿ ವಶಕ್ಕೆ'. ಖಚಿತ ಮಾಹಿತಿ ಮೇರೆಗೆ ದಾಳಿ, ಪಣಕ್ಕಿಟ್ಟಿದ್ದ ಇಷ್ಟು ನಗದು, ಒಂದು ಕಟ್ಟು ಇಸ್ಪೀಟ್ ಎಲೆ ಜಪ್ತಿ, ಪ್ರಕರಣ ದಾಖಲು. ಗ್ರಾಮೀಣ ಪತ್ರಿಕೋದ್ಯಮ ಓದಿ ಬಂದ ನಮ್ಮಂಥವರು ಮೊದಮೊದಲು ಬರೆಯಲು ಕಲಿಯುವುದೇ ಇಂಥ ಸುದ್ದಿ. ಹೆಸರು, ಊರು, ಮೊತ್ತ ಬದಲಿಸಿದರೆ ಮುಗಿಯಿತು. ಆದರೆ ಈ ಸುದ್ದಿಯಲ್ಲಿ ಒಂದು ಸಂಗತಿ ಯಾವತ್ತೂ ಇರುವುದಿಲ್ಲ. ಆ ಎಂಟು ಮಂದಿಯಲ್ಲಿ ದುಡ್ಡು ಯಾರ ಜೇಬಿನಿಂದ ಯಾರ ಜೇಬಿಗೆ ಹೋಗುತ್ತಿತ್ತು?

ಅಂದರ್ ಬಾಹರ್ ಮಟ್ಟಿಗೆ ಈ ಪ್ರಶ್ನೆಗೆ ಅಷ್ಟೇನೂ ಅರ್ಥವಿಲ್ಲ. ಎಲೆ ಒಳಗೆ ಬೀಳುತ್ತದೋ ಹೊರಗೆ ಬೀಳುತ್ತದೋ ಎಂಬುದು ಯಾರ ಜಾಣತನಕ್ಕೂ ಬಗ್ಗುವುದಿಲ್ಲ. ಪೋಕರ್ ಹಾಗಲ್ಲ. ಅಲ್ಲಿ ದುಡ್ಡಿಗೆ ಒಂದು ದಿಕ್ಕಿದೆ. ಗೊತ್ತಿಲ್ಲದವನಿಂದ ಗೊತ್ತಿರುವವನ ಕಡೆಗೆ, ಇಬ್ಬರಿಂದಲೂ ಆಟ ಆಡಿಸುವವನ ಕಡೆಗೆ. ಎದುರು ಕೂತ ಹೊಸಬನನ್ನು ಹೇಗೆ ಆಡಬೇಕು ಎನ್ನುವ ವಿದ್ಯೆ ಇನ್ನೂರು ವರ್ಷಗಳಲ್ಲಿ ಹೇಗೆ ಬೆಳೆಯಿತು ಎಂದು ನೋಡಹೊರಟರೆ ಅಮೆರಿಕದ ನದಿ, ಲಂಡನ್ನಿನ ರಾಯಭಾರ ಕಚೇರಿ, ಕೆನಡಾದ ಗಣಕಯಂತ್ರ ಎಲ್ಲವನ್ನೂ ಸುತ್ತಿ ಕೊನೆಗೆ ನಮ್ಮ ಹೈಕೋರ್ಟಿನ ಬಾಗಿಲಿಗೆ ಬರಬೇಕಾಗುತ್ತದೆ.

ಹಡಗಿನ ಮೇಲಿನ ಮಿಕ

ಪೋಕರ್ ಹುಟ್ಟಿದ್ದು ಅಮೆರಿಕದ ನ್ಯೂ ಆರ್ಲಿಯನ್ಸ್ ಸುತ್ತಮುತ್ತ, ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ. ಅದು ಬೆಳೆದದ್ದು ಮಿಸಿಸಿಪ್ಪಿ ನದಿಯ ಉಗಿಹಡಗುಗಳಲ್ಲಿ. ಜೋಸೆಫ್ ಕೋವೆಲ್ ಎಂಬ ನಟ 1829ರ ಡಿಸೆಂಬರಿನಲ್ಲಿ ಹಡಗೊಂದರಲ್ಲಿ ಈ ಆಟ ನೋಡಿದ್ದನ್ನು ತನ್ನ ನೆನಪಿನ ಪುಸ್ತಕದಲ್ಲಿ ಬರೆದಿದ್ದಾನೆ. ಆಗ ಇಪ್ಪತ್ತೇ ಎಲೆ. ಹತ್ತರಿಂದ ಎಕ್ಕದವರೆಗೆ. ನಾಲ್ಕು ಜನ ಕೂತರೆ ತಲಾ ಐದು, ಕಟ್ಟು ಖಾಲಿ. ಎಲೆ ಬದಲಿಸುವಂತಿಲ್ಲ. ಬಂದದ್ದನ್ನು ಹಿಡಿದು ಪಣ ಏರಿಸುತ್ತ ಹೋಗುವುದಷ್ಟೇ.

ಹತ್ತಿ ಮಾರಿ ದುಡ್ಡು ಹಿಡಿದು ಊರಿಗೆ ಮರಳುವ ತೋಟದ ಮಾಲೀಕರು, ಭೂಮಿ ಹುಡುಕಿಕೊಂಡು ಪಶ್ಚಿಮಕ್ಕೆ ಹೊರಟವರು, ಸಣ್ಣ ವ್ಯಾಪಾರಿಗಳು ಆ ಹಡಗುಗಳಲ್ಲಿ ದಿನಗಟ್ಟಲೆ ಪ್ರಯಾಣ ಮಾಡುತ್ತಿದ್ದರು. ಹೊತ್ತು ಹೋಗಬೇಕಲ್ಲ. ವೃತ್ತಿ ಜೂಜುಗಾರರು ಅದೇ ಹಡಗು ಹತ್ತುತ್ತಿದ್ದರು. ಅವರ ಮಟ್ಟಿಗೆ 'ತಂತ್ರ' ಎಂದರೆ ಮೋಸವೇ. ಗುರುತು ಹಾಕಿದ ಎಲೆ, ತಳದಿಂದ ಎಳೆದು ಹಂಚುವ ಕೈಚಳಕ, ಅಪರಿಚಿತನಂತೆ ಪಕ್ಕದಲ್ಲಿ ಕೂತು ಸನ್ನೆ ಮಾಡುವ ಜೊತೆಗಾರ. ಜೊನಾಥನ್ ಗ್ರೀನ್ ಎಂಬ ಜೂಜುಗಾರ ಕಸುಬು ಬಿಟ್ಟು 1843ರಲ್ಲಿ ಈ ಎಲ್ಲ ಕಳ್ಳಾಟಗಳನ್ನು ಬಯಲು ಮಾಡುವ ಪುಸ್ತಕ ಬರೆದ. ಜಾರ್ಜ್ ಡೆವೋಲ್ ಎಂಬ ಇನ್ನೊಬ್ಬ 1887ರಲ್ಲಿ ತನ್ನ ನಲವತ್ತು ವರ್ಷದ ಜೂಜಿನ ಕಥೆಯನ್ನು ಅಚ್ಚು ಹಾಕಿಸಿದ. ನಾಚಿಕೆಯಿಂದಲ್ಲ, ಹೆಮ್ಮೆಯಿಂದ. ಎದುರು ಕೂತವನಿಗೆ ಅವನ ಭಾಷೆಯಲ್ಲಿದ್ದ ಹೆಸರಿಗೆ ಕನ್ನಡದಲ್ಲಿ ನಮ್ಮಲ್ಲೇ ಒಳ್ಳೆಯ ಪದವಿದೆ: ಮಿಕ.

ಊರಿನವರ ಸಿಟ್ಟು ಒಮ್ಮೆ ಕಟ್ಟೆಯೊಡೆಯಿತು. 1835ರ ಜುಲೈನಲ್ಲಿ ಮಿಸಿಸಿಪ್ಪಿ ದಂಡೆಯ ವಿಕ್ಸ್‌ಬರ್ಗ್‌ನಲ್ಲಿ ಗುಂಪೊಂದು ಐವರು ಜೂಜುಗಾರರನ್ನು ವಿಚಾರಣೆಯಿಲ್ಲದೆ ನೇಣಿಗೇರಿಸಿತು. ಅದರಿಂದ ಆಟ ನಿಲ್ಲಲಿಲ್ಲ. ದಂಡೆಯ ಮೇಲಿದ್ದ ಜೂಜುಗಾರರಲ್ಲಿ ಹಲವರು ಹಡಗಿಗೆ ಹತ್ತಿದರು, ಅಷ್ಟೇ.

ನಿಜವಾದ ಬದಲಾವಣೆ ತಂದದ್ದು ನೇಣಲ್ಲ, ನಿಯಮ. ಶತಮಾನದ ನಡುವಿನ ಹೊತ್ತಿಗೆ ಆಟಕ್ಕೆ ಐವತ್ತೆರಡು ಎಲೆಯ ಪೂರ್ತಿ ಕಟ್ಟು ಬಂತು. ಬೇಡವಾದ ಎಲೆ ಬಿಟ್ಟು ಹೊಸದು ತೆಗೆದುಕೊಳ್ಳುವ ಅವಕಾಶ ಬಂತು. ಎಲೆ ಬದಲಿಸುವ ಮುನ್ನ ಒಂದು ಸುತ್ತು ಪಣ, ಬದಲಿಸಿದ ಮೇಲೆ ಇನ್ನೊಂದು ಸುತ್ತು. ಎದುರಾಳಿ ಎಷ್ಟು ಎಲೆ ಬದಲಿಸಿದ ಎಂಬುದೇ ಒಂದು ಸುಳಿವು. ಮೂರು ಬದಲಿಸಿದವನ ಕೈಯಲ್ಲಿ ಜೋಡಿ ಇದ್ದೀತು. ಒಂದೇ ಬದಲಿಸಿದವನು ಎರಡು ಜೋಡಿ ಹಿಡಿದಿದ್ದಾನೆ, ಇಲ್ಲವೇ ಸಾಲು ಕೂಡಿಸಲು ಹೊರಟಿದ್ದಾನೆ. ಮೋಸವಿಲ್ಲದೆಯೂ ಗೆಲ್ಲಲು ಒಂದು ದಾರಿ ತೆರೆದದ್ದು ಇಲ್ಲಿ.

ನಡುವಿನ ಏಳಕ್ಕೆ ಕಾಯುವವನು

ಹೊಸಬನ ತಪ್ಪು ಎಂದರೇನು ಎಂಬುದಕ್ಕೆ ಆ ಕಾಲದಿಂದಲೂ ಎಲ್ಲರೂ ಕೊಡುವ ಉದಾಹರಣೆ ಒಂದೇ. ನಿಮ್ಮ ಕೈಯಲ್ಲಿ ಐದು, ಆರು, ಎಂಟು, ಒಂಬತ್ತು ಇದೆ. ಐದನೆಯ ಎಲೆ ಬಿಟ್ಟು ಒಂದು ಹೊಸದು ತೆಗೆದುಕೊಳ್ಳುತ್ತೀರಿ. ಏಳು ಬಂದರೆ ಸಾಲು ಪೂರ್ತಿ. ನೀವು ನೋಡಿರದ ಎಲೆ ನಲವತ್ತೇಳು, ಅದರಲ್ಲಿ ಏಳು ಇರುವುದು ನಾಲ್ಕು. ಅಂದರೆ ಹೆಚ್ಚುಕಡಿಮೆ ಹನ್ನೆರಡಕ್ಕೆ ಒಂದು ಸಲ. ನಡುವೆ ಐವತ್ತು ರೂಪಾಯಿ ಬಿದ್ದಿದೆ, ಆಟದಲ್ಲಿ ಉಳಿಯಲು ನೀವು ಹತ್ತು ಹಾಕಬೇಕು ಎಂದುಕೊಳ್ಳಿ. ನಲವತ್ತೇಳು ಸಲ ಹೀಗೆ ಮಾಡಿದರೆ ನಾಲ್ಕು ಸಲ ಐವತ್ತರಂತೆ ಇನ್ನೂರು ಬರುತ್ತದೆ, ನಲವತ್ತಮೂರು ಸಲ ಹತ್ತರಂತೆ ನಾನೂರ ಮೂವತ್ತು ಹೋಗುತ್ತದೆ. ಕೈ ಕಚ್ಚುವುದು ಇನ್ನೂರ ಮೂವತ್ತು.

ಹೊಸಬನಿಗೆ ನೆನಪಿರುವುದು ಆ ನಾಲ್ಕು ಸಲ. ಅದಕ್ಕೇ ಆಟ ನಡೆಯುತ್ತದೆ. ಚದುರಂಗದಲ್ಲಿ ಗೊತ್ತಿಲ್ಲದವನು ಗೊತ್ತಿರುವವನ ಎದುರು ಹತ್ತಕ್ಕೆ ಹತ್ತೂ ಸೋತು ಮನೆಗೆ ಹೋಗುತ್ತಾನೆ, ಮತ್ತೆ ಬರುವುದಿಲ್ಲ. ಪೋಕರ್‌ನಲ್ಲಿ ಆಗಾಗ ಗೆದ್ದು ನಗುತ್ತ ಹೋಗುತ್ತಾನೆ, ಮತ್ತೆ ಬರುತ್ತಾನೆ. ಅದೃಷ್ಟ ಎನ್ನುವುದು ಈ ಆಟದಲ್ಲಿ ಕೌಶಲಕ್ಕೆ ಅಡ್ಡಿಯಲ್ಲ, ಅದರ ಅನ್ನದಾತ.

ಆಟ ಸಮುದ್ರ ದಾಟಿದ ಬಗೆಯೂ ಸ್ವಾರಸ್ಯವಾಗಿದೆ. ರಾಬರ್ಟ್ ಶೆಂಕ್ 1870ರ ದಶಕದ ಮೊದಲ ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಅಮೆರಿಕದ ರಾಯಭಾರಿ. ಶ್ರೀಮಂತರ ಹಳ್ಳಿಮನೆಯೊಂದರಲ್ಲಿ ಅತಿಥಿಗಳಿಗೆ ಪೋಕರ್ ಕಲಿಸಿದ. ಮನೆಯೊಡತಿ ಕೇಳಿದಳೆಂದು ನಿಯಮಗಳನ್ನು ಬರೆದೂ ಕೊಟ್ಟ. ಅದು ಪುಟ್ಟ ಪುಸ್ತಕವಾಗಿ ಅಚ್ಚಾಯಿತು. ಇದೇ ಶೆಂಕ್ ಅದೇ ಹೊತ್ತಿಗೆ ಅಮೆರಿಕದ ಯೂಟಾದಲ್ಲಿದ್ದ ಎಮ್ಮಾ ಬೆಳ್ಳಿ ಗಣಿ ಕಂಪನಿಗೆ ನಿರ್ದೇಶಕನಾಗಿ ತನ್ನ ಹೆಸರು ಕೊಟ್ಟಿದ್ದ. ರಾಯಭಾರಿಯ ಹೆಸರು ನೋಡಿ ಇಂಗ್ಲಿಷರು ಷೇರು ಕೊಂಡರು. ಗಣಿಯಲ್ಲಿ ಬೆಳ್ಳಿ ಮುಗಿದುಹೋಗಿತ್ತು. 1876ರಲ್ಲಿ ಆತ ಹುದ್ದೆ ಬಿಡಬೇಕಾಯಿತು. ಇಸ್ಪೀಟು ಕಲಿಸಿದ್ದಕ್ಕಿಂತ ಷೇರು ಮಾರಿದ್ದರಲ್ಲೇ ಆತ ಹೆಚ್ಚು ಹೊಸಬರ ದುಡ್ಡು ಕಳೆಸಿದ ಎಂದು ನಮಗೆ ತೋರುತ್ತದೆ.

ಬಿಡುವುದನ್ನು ಕಲಿಸಿದವನು, ಬಿಡದಂತೆ ನೋಡಿಕೊಂಡವನು

ಇಪ್ಪತ್ತನೇ ಶತಮಾನದ ನಡುವೆ ಎರಡು ಪುಸ್ತಕ ಬಂದವು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

ಮೊದಲನೆಯದು 1957ರಲ್ಲಿ ಹರ್ಬರ್ಟ್ ಯಾರ್ಡ್ಲಿ ಬರೆದದ್ದು. ಯಾರ್ಡ್ಲಿ ಸಾಮಾನ್ಯನಲ್ಲ. ಮೊದಲ ಮಹಾಯುದ್ಧದ ನಂತರ ಅಮೆರಿಕ ಸರ್ಕಾರಕ್ಕಾಗಿ ಬೇರೆ ದೇಶಗಳ ಗುಪ್ತಲಿಪಿ ಒಡೆಯುವ ಕಚೇರಿ ನಡೆಸಿದವನು, ಮುಂದೆ ಚೀನಾದ ಚುಂಗ್‌ಕಿಂಗ್‌ನಲ್ಲಿ ಚಿಯಾಂಗ್ ಕೈ ಶೇಕ್ ಸರ್ಕಾರಕ್ಕೆ ಅದೇ ಕೆಲಸ ಮಾಡಿದವನು. ಆಟ ಕಲಿತದ್ದು ಮಾತ್ರ ಇಂಡಿಯಾನಾ ರಾಜ್ಯದ ವರ್ದಿಂಗ್‌ಟನ್ ಎಂಬ ಸಣ್ಣ ಊರಿನ ಹೆಂಡದಂಗಡಿಯಲ್ಲಿ. ರೈತರು, ರೈಲ್ವೆಯವರು, ಸಂತೆಗೆ ಬಂದವರು ಆಡುವ ಮೇಜು. ಆತನ ಪಾಠ ಒಂದೇ: ಎಲೆ ಚೆನ್ನಾಗಿಲ್ಲದಿದ್ದರೆ ಪ್ಯಾಕ್ ಆಗು. ಕೂತು ಕಾಯಿ. ಬೇರೆಯವರು ಬೇಸರಕ್ಕೆ, ಹುರುಪಿಗೆ, ಹಠಕ್ಕೆ ದುಡ್ಡು ಹಾಕುತ್ತಾರೆ, ಹಾಕಲಿ. ಸಣ್ಣ ಪಣದ ಆಟದಲ್ಲಿ ಹೊಸಬರ ಎದುರು ಗೆಲ್ಲುವ ಮುಕ್ಕಾಲು ಪಾಲು ವಿದ್ಯೆ ಇಷ್ಟೇ. ಹೇಳಲು ಸುಲಭ. ಎರಡು ಗಂಟೆ ಏನೂ ಮಾಡದೆ ಕೂರುವುದು ಎಷ್ಟು ಕಷ್ಟ ಎಂದು ಆಡಿದವರಿಗೇ ಗೊತ್ತು.

ಎರಡನೆಯದು 1968ರದು. ಫ್ರಾಂಕ್ ವ್ಯಾಲೇಸ್ ಎಂಬ ಹೆಸರಿನಲ್ಲಿ ಬಂತು, ಬರೆದವನು ವ್ಯಾಲೇಸ್ ವಾರ್ಡ್ ಎಂಬ ರಸಾಯನಶಾಸ್ತ್ರಜ್ಞ. ಗೆಳೆಯರು, ಸಹೋದ್ಯೋಗಿಗಳು ವಾರಕ್ಕೊಮ್ಮೆ ಯಾರದಾದರೂ ಮನೆಯಲ್ಲಿ ಸೇರುವ ಆಟದಿಂದ ಬದುಕಿಡೀ ಸಂಪಾದನೆ ಮಾಡುವುದು ಹೇಗೆ ಎಂದು ತೋರಿಸುವುದೇ ಅದರ ಉದ್ದೇಶ. ಎಲೆಯ ಲೆಕ್ಕ ಅದರಲ್ಲಿ ಮುಖ್ಯವಲ್ಲ. ಸೋಲುವವನು ಸೋಲುತ್ತಲೇ ಇರಬೇಕು, ಆದರೆ ಆಟ ಬಿಡಬಾರದು. ಅದಕ್ಕೆ ಅವನ ಸ್ವಭಾವ ತಿಳಿದಿರಬೇಕು. ಅವನಿಗೆ ಬೇಸರವಾಗದಂತೆ ನೋಡಿಕೊಳ್ಳಬೇಕು. ನೀನು ಗೆಲ್ಲುತ್ತಿರುವುದು ಅವನಿಗೆ ಕಾಣಬಾರದು. ಆಟದ ನಿಯಮವನ್ನು ನಿಧಾನಕ್ಕೆ ನಿನಗೆ ಬೇಕಾದಂತೆ ಬಾಗಿಸಬೇಕು.

ಯಾರ್ಡ್ಲಿ ತನ್ನ ಕೈ ಹಿಡಿತದಲ್ಲಿಡಲು ಹೇಳಿದ, ವ್ಯಾಲೇಸ್ ಎದುರಿನವನ ಕುತ್ತಿಗೆಗೆ ಹಗ್ಗ ಹಾಕಲು ಹೇಳಿದ. ಹಡಗಿನ ಮೋಸಗಾರನಿಗಿಂತ ಇದು ನಮಗೆ ಹೆಚ್ಚು ಅಸಹ್ಯ ಹುಟ್ಟಿಸುತ್ತದೆ. ಅಲ್ಲಿ ಎಲೆಗೆ ಗುರುತು ಹಾಕುತ್ತಿದ್ದರು, ಇಲ್ಲಿ ಗೆಳೆಯನಿಗೆ. ಇಂದು ಮೊಬೈಲಿನಲ್ಲಿ ಹಣದ ಆಟ ಆಡಿಸುವವರು ಸೋತವನಿಗೆ ಬೋನಸ್ ಸಂದೇಶ ಕಳಿಸಿ ಮತ್ತೆ ಕರೆಯುವುದನ್ನು ನೋಡಿದಾಗ ನಮಗೆ ನೆನಪಾಗುವುದು ಯಾರ್ಡ್ಲಿಯಲ್ಲ, ವ್ಯಾಲೇಸ್.

ಗಾರ್ಡೀನಾದ ಕುರ್ಚಿ ಬಾಡಿಗೆ

ಸಣ್ಣ ಪಣದ ಆಟ ಒಂದು ಊರಿನ ಬದುಕೇ ಆಗಿದ್ದ ಉದಾಹರಣೆಯೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಎಲೆ ಬದಲಿಸುವ ಪೋಕರ್ ಕೌಶಲದ ಆಟ, ಕಾನೂನಿಗೆ ವಿರುದ್ಧವಲ್ಲ ಎಂಬ ಅಭಿಪ್ರಾಯ 1911ರಷ್ಟು ಹಿಂದೆಯೇ ಬಂದಿತ್ತು. ಅದರ ಬಲದ ಮೇಲೆ 1936ರಿಂದ ಲಾಸ್ ಏಂಜಲೀಸ್ ಪಕ್ಕದ ಗಾರ್ಡೀನಾದಲ್ಲಿ ಇಸ್ಪೀಟ್ ಕ್ಲಬ್ಬುಗಳು ತೆರೆದವು. ಒಂದು ಕಾಲಕ್ಕೆ ಆರು ಕ್ಲಬ್ಬುಗಳಿದ್ದವು. ನಿವೃತ್ತರು, ವಯಸ್ಸಾದ ಹೆಂಗಸರು, ಪಾಳಿ ಮುಗಿಸಿದ ಕಾರ್ಮಿಕರು ಬಂದು ಕೂರುತ್ತಿದ್ದರು. ಕ್ಲಬ್ಬು ಪಣದಲ್ಲಿ ಪಾಲು ಕೇಳುತ್ತಿರಲಿಲ್ಲ. ಅರ್ಧ ಗಂಟೆಗೊಮ್ಮೆ ಕುರ್ಚಿಯ ಬಾಡಿಗೆ ಎತ್ತುತ್ತಿತ್ತು.

ಈ ಬಾಡಿಗೆಯನ್ನು ಲೆಕ್ಕ ಹಾಕಿ ನೋಡಿ. ಎಂಟು ಜನ, ಅರ್ಧ ಗಂಟೆಗೆ ತಲಾ ಹತ್ತು ರೂಪಾಯಿ ಎಂದುಕೊಂಡರೆ ಗಂಟೆಗೆ ನೂರ ಅರವತ್ತು ಮೇಜಿನಿಂದ ಎದ್ದು ಹೋಗುತ್ತದೆ, ವಾಪಸು ಬರುವುದಿಲ್ಲ. ಎಂಟೂ ಜನ ಸಮಾನ ಬುದ್ಧಿವಂತರಾಗಿದ್ದರೆ ಎಂಟೂ ಜನ ಸೋಲುತ್ತಾರೆ. ಗಂಟೆಗೆ ಇಪ್ಪತ್ತು ರೂಪಾಯಿಗಿಂತ ಹೆಚ್ಚು ಗೆಲ್ಲುವಷ್ಟು ಇತರರಿಗಿಂತ ಮುಂದಿದ್ದವನಿಗೆ ಮಾತ್ರ ಲಾಭ. ದೊಡ್ಡ ಪಣದ ಆಟದಲ್ಲಿ ಈ ಬಾಡಿಗೆ ಸಾಸಿವೆ. ಸಣ್ಣ ಪಣದಲ್ಲಿ ಬೆಟ್ಟ. ಸಣ್ಣ ಆಟದಲ್ಲಿ ಎದುರಾಳಿಗಳು ದುರ್ಬಲರು, ಗೆಲ್ಲುವುದು ಸುಲಭ ಎನ್ನುವವರು ಈ ಅರ್ಧವನ್ನು ಹೇಳುವುದೇ ಇಲ್ಲ. ಮಾನವಶಾಸ್ತ್ರಜ್ಞ ಡೇವಿಡ್ ಹಯಾನೊ ವರ್ಷಗಟ್ಟಲೆ ಈ ಕ್ಲಬ್ಬುಗಳಲ್ಲಿ ತಾನೂ ಆಡುತ್ತ, ಆಟವನ್ನೇ ಕಸುಬು ಮಾಡಿಕೊಂಡವರ ಬದುಕನ್ನು ಅಭ್ಯಾಸ ಮಾಡಿ 1982ರಲ್ಲಿ ಪುಸ್ತಕ ಬರೆದ. ಸಿನಿಮಾದಲ್ಲಿ ಕಾಣುವ ಠೀವಿ ಆ ಬದುಕಿನಲ್ಲಿಲ್ಲ. ಅದು ದಿನಗೂಲಿಯ ಹಾಗೆ, ಕೂಲಿ ಸಿಗುತ್ತದೆಂಬ ಖಾತರಿ ಮಾತ್ರ ಇಲ್ಲ.

ಕೋಣನ ಮುಂದೆ ಕಿನ್ನರಿ

ಇಷ್ಟರಲ್ಲಿ ಗಣಿತದವರು ಈ ಆಟಕ್ಕೆ ಕೈ ಹಾಕಿಯಾಗಿತ್ತು. ಹಂಗೇರಿಯ ಜಾನ್ ಫಾನ್ ನಾಯ್ಮನ್ 1928ರಲ್ಲಿ ಆಟಗಳ ಸಿದ್ಧಾಂತದ ಮೇಲೆ ಪ್ರಬಂಧ ಬರೆದ. 1944ರಲ್ಲಿ ಆಸ್ಕರ್ ಮಾರ್ಗನ್‌ಸ್ಟರ್ನ್ ಜೊತೆ ಸೇರಿ ಬರೆದ ದೊಡ್ಡ ಗ್ರಂಥದಲ್ಲಿ ಪೋಕರ್‌ಗೇ ಒಂದು ಭಾಗ ಮೀಸಲಿಟ್ಟ. ಅಲ್ಲಿಯವರೆಗೆ ಬ್ಲಫ್ ಎಂದರೆ ಧೈರ್ಯ, ಮುಖಭಾವ, ಗಂಡೆದೆ ಎಂದೆಲ್ಲ ಜನ ಮಾತಾಡುತ್ತಿದ್ದರು. ಅದು ಬರೀ ಲೆಕ್ಕ ಎಂದು ಆತ ತೋರಿಸಿದ. ಸರಿಯಾಗಿ ಆಡುವವನು ಅತ್ಯುತ್ತಮ ಎಲೆಗೂ ಪಣ ಏರಿಸುತ್ತಾನೆ, ತೀರಾ ಕೆಟ್ಟ ಎಲೆಗೂ ಆಗಾಗ ಏರಿಸುತ್ತಾನೆ. ನಡುವಿನ ಎಲೆಗೆ ಸುಮ್ಮನಿರುತ್ತಾನೆ.

ನಡುವೆ ನೂರು ರೂಪಾಯಿ ಇದೆ, ನೀವು ಕೆಟ್ಟ ಎಲೆ ಹಿಡಿದು ನೂರು ಏರಿಸಿದಿರಿ ಎಂದುಕೊಳ್ಳಿ. ಎದುರಾಳಿ ಹತ್ತರಲ್ಲಿ ಐದು ಸಲ ಪ್ಯಾಕ್ ಆದರೆ ನಿಮಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆರು ಸಲ ಆದರೆ ಲಾಭ. ನುರಿತವನು ಆ ಐದರ ಆಸುಪಾಸಿನಲ್ಲೇ ಇರುತ್ತಾನೆ, ನಿಮಗೆ ಏನೂ ಗಿಟ್ಟದಂತೆ. ಹೊಸಬ? ಅವನು ಆಡಲು ಬಂದವನು, ಬಿಡಲು ಬಂದವನಲ್ಲ. ನಿಮ್ಮ ಕೈಯಲ್ಲಿ ಏನಿದೆ ಎಂದು ನೋಡಲೇಬೇಕು ಅವನಿಗೆ. ಹತ್ತರಲ್ಲಿ ಎರಡೇ ಸಲ ಬಿಡುತ್ತಾನೆ. ಎರಡು ಸಲ ಇನ್ನೂರು ಬಂತು, ಎಂಟು ಸಲ ಎಂಟುನೂರು ಹೋಯಿತು.

ಆದ್ದರಿಂದ ಹೊಸಬನ ಎದುರು ಬ್ಲಫ್ ಮಾಡಬಾರದು. ನೀವು ಎಷ್ಟು ಸೊಗಸಾಗಿ ಸುಳ್ಳು ಹೆಣೆದರೂ ಕೇಳಿಸಿಕೊಳ್ಳುವವನು ಬೇಕಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಇದರ ಮಗ್ಗುಲಲ್ಲೇ ಇನ್ನೊಂದು ಮಾತಿದೆ: ಅವನು ಎಲ್ಲಕ್ಕೂ ದುಡ್ಡು ಹಾಕುತ್ತಾನೆ ಎಂದ ಮೇಲೆ ನುರಿತವನ ಎದುರು ಸುಮ್ಮನೆ ಶೋ ಮಾಡುತ್ತಿದ್ದ ನಡುವಿನ ಎಲೆಗೂ ಇವನ ಎದುರು ಪಣ ಏರಿಸಬಹುದು. ಅವನು ನೋಡಲು ಬರುವ ಕೈಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಿಮ್ಮದಕ್ಕಿಂತ ಕೆಳಗಿದ್ದರೆ ಸಾಕು, ಏರಿಸಿದ್ದು ಲಾಭವೇ. ಇಡೀ ಸಂಜೆ ಬರೀ ಜೊತೆಗೆ ಹಾಕುತ್ತಿದ್ದವನು ಇದ್ದಕ್ಕಿದ್ದಂತೆ ತಾನೇ ಏರಿಸಿದನೋ, ನಂಬಿ ಬಿಟ್ಟುಬಿಡಬೇಕು. ಅವನಿಗೆ ಇನ್ನೂ ಸುಳ್ಳು ಹೇಳಲು ಬರುವುದಿಲ್ಲ.

ಫಾನ್ ನಾಯ್ಮನ್ ಮತ್ತು ಮಾರ್ಗನ್‌ಸ್ಟರ್ನ್ ತಮ್ಮ 'ಒಳ್ಳೆಯ ತಂತ್ರ'ದ ಮಿತಿಯನ್ನೂ ಅಲ್ಲೇ ಗುರುತಿಸಿದ್ದರು. ಅದು ಕೋಟೆ ಕಾಯುವ ತಂತ್ರ, ದಂಡೆತ್ತಿ ಹೋಗುವುದಲ್ಲ. ಸೋಲದಂತೆ ನೋಡಿಕೊಳ್ಳುತ್ತದೆ, ಎದುರಿನವನ ತಪ್ಪಿನಿಂದ ಸಿಗಬಹುದಾದ ಪೂರ್ತಿ ಲಾಭ ತೆಗೆಯುವುದಿಲ್ಲ. ದೋಷವಿಲ್ಲದ ಆಟ, ಎದುರಿನವನಿಗೆ ತಕ್ಕ ಆಟ, ಎರಡೂ ಒಂದೇ ಅಲ್ಲ. ಮುಂದಿನ ಎಪ್ಪತ್ತು ವರ್ಷ ಪೋಕರ್ ಚಿಂತನೆ ಈ ಎರಡರ ನಡುವೆಯೇ ಓಲಾಡಿತು.

1987ರಲ್ಲಿ ಈಗಿನ ಹೆಸರಿನಲ್ಲಿ ಬಂದ ಡೇವಿಡ್ ಸ್ಕ್ಲಾನ್‌ಸ್ಕಿಯ ಪುಸ್ತಕ ಎರಡನೆಯ ಕಡೆಗೆ ವಾಲಿತು. ನಿನ್ನ ಎಲೆ ಕಂಡಿದ್ದರೆ ಎದುರಾಳಿ ಹೇಗೆ ಆಡುತ್ತಿದ್ದನೋ ಅದಕ್ಕಿಂತ ಬೇರೆಯಾಗಿ ಆಡಿದಾಗಲೆಲ್ಲ ನಿನಗೆ ಲಾಭ ಎನ್ನುವುದು ಅದರ ತಿರುಳು. 1994ರಲ್ಲಿ ಲೀ ಜೋನ್ಸ್ ಸಣ್ಣ ಪಣದ ಆಟಕ್ಕೆಂದೇ ಪುಸ್ತಕ ಬರೆದ. ಅಷ್ಟರಲ್ಲಿ ಟೆಕ್ಸಸ್ ಹೋಲ್ಡ್‌ಎಮ್ ಎಂಬ ಬಗೆ ಎಲ್ಲೆಡೆ ಹರಡಿತ್ತು: ಕೈಯಲ್ಲಿ ಎರಡೇ ಎಲೆ, ಎಲ್ಲರಿಗೂ ಸೇರಿ ಮೇಜಿನ ಮೇಲೆ ಐದು ತೆರೆದ ಎಲೆ.

ಸಣ್ಣ ಆಟದವರು ಅಂದಿನಿಂದ ಇಂದಿನವರೆಗೂ ಹೇಳುವ ಒಂದು ದೂರಿದೆ. 'ಇವರ ಜೊತೆ ಆಡೋಕೆ ಆಗಲ್ಲ ಮಾರಾಯ, ಎರಡು ಎಕ್ಕ ಹಿಡಿದ್ರೂ ಎಲ್ಲರೂ ಬರ್ತಾರೆ, ಯಾರೋ ಒಬ್ಬ ಹೊಡೆದುಬಿಡ್ತಾನೆ.' ನಿಜ. ಎರಡು ಎಕ್ಕ ಹಿಡಿದವನು ಒಬ್ಬನ ಎದುರು ನೂರಕ್ಕೆ 85 ಸಲ ಗೆಲ್ಲುತ್ತಾನೆ. ಏನು ಸಿಕ್ಕರೂ ಹಿಡಿದು ನಾಲ್ವರು ಬಂದರೆ 56 ಸಲ. ಎಂಟು ಜನ ಬಂದರೆ 35 ಸಲ ಮಾತ್ರ. ಆದರೆ ದುಡ್ಡು ನೋಡಿ. ತಲಾ ಹತ್ತು ಹಾಕಿದರೆ ಇಬ್ಬರ ಆಟದಲ್ಲಿ ಇಪ್ಪತ್ತು, ಅದರ 85 ಭಾಗ ಹದಿನೇಳು, ತನ್ನ ಹತ್ತು ಕಳೆದರೆ ಲಾಭ ಏಳು. ಐವರ ಆಟದಲ್ಲಿ ಐವತ್ತು, ಅದರ 56 ಭಾಗ ಇಪ್ಪತ್ತೆಂಟು, ಲಾಭ ಹದಿನೆಂಟು. ಹೆಚ್ಚು ಸಲ ಸೋತು ಹೆಚ್ಚು ಗಳಿಸುತ್ತಾನೆ. ಹೊಸಬರನ್ನು ಬೈಯುವವನು ತನ್ನ ಅನ್ನದ ತಟ್ಟೆಯನ್ನೇ ಒದೆಯುತ್ತಿರುತ್ತಾನೆ. ಈ ಲೆಕ್ಕ ಅರ್ಥವಾಗದೆ ಸಿಟ್ಟಿಗೆ ಆಟ ಕೆಡಿಸಿಕೊಂಡವರ ಸಂಖ್ಯೆಯೂ ಸಣ್ಣದಲ್ಲ. ನಮ್ಮ ಗುಂಪಿನಲ್ಲಿ ರಮ್ಮಿ ಆಡುವ ಇಬ್ಬರಿಗೆ ಇದೇ ಸ್ವಭಾವ, ಹೆಸರು ಬೇಡ.

2003ರ ಲೆಕ್ಕಿಗ

2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ 27 ವರ್ಷದ ಲೆಕ್ಕಿಗ ನೂರು ಡಾಲರಿಗೂ ಕಡಿಮೆ ಪ್ರವೇಶ ಶುಲ್ಕದ ಆನ್‌ಲೈನ್ ಆಟವೊಂದರಲ್ಲಿ ಗೆದ್ದು, ಹತ್ತು ಸಾವಿರ ಡಾಲರ್ ಶುಲ್ಕದ ವಿಶ್ವ ಸರಣಿಯ ಮುಖ್ಯ ಪಂದ್ಯಕ್ಕೆ ಹೋದ. 839 ಮಂದಿಯಲ್ಲಿ ಕೊನೆಗೆ ಉಳಿದು 25 ಲಕ್ಷ ಡಾಲರ್ ಗೆದ್ದ. ಹೆಸರೂ ಹಾಗೇ ಇತ್ತು, ಕೂಡಿಬಂತು. ಕೊನೆಯ ಇಬ್ಬರಲ್ಲಿ ಇನ್ನೊಬ್ಬ ನುರಿತ ಸ್ಯಾಮಿ ಫರ್ಹಾ. ಆತನ ಕೈಯಲ್ಲಿ ಒಂಬತ್ತರ ಜೋಡಿ, ಮನಿಮೇಕರ್ ಬಳಿ ಏನೂ ಇಲ್ಲ, ಆದರೂ ಇದ್ದದ್ದೆಲ್ಲ ಮುಂದೆ ತಳ್ಳಿದ. ಫರ್ಹಾ ಬಹಳ ಹೊತ್ತು ಯೋಚಿಸಿ ಎಲೆ ಬಿಟ್ಟ. ಆ ಕುರ್ಚಿಯಲ್ಲಿ ಇನ್ನೊಬ್ಬ ಹೊಸಬ ಕೂತಿದ್ದರೆ ಆ ಬ್ಲಫ್ ನಡೆಯುತ್ತಿರಲಿಲ್ಲ ಎನ್ನುವುದು ನಮ್ಮ ಅನುಮಾನ. ಒಂಬತ್ತರ ಜೋಡಿ ಬಿಡಲು ಕಲಿತಿರಬೇಕು.

ಅವನು ಗೆದ್ದದ್ದನ್ನು ಟಿವಿಯಲ್ಲಿ ನೋಡಿದವರು ತಮಗೂ ಬರುತ್ತದೆ ಎಂದುಕೊಂಡರು. ಅದೇ ಪಂದ್ಯಕ್ಕೆ 2004ರಲ್ಲಿ 2,576 ಮಂದಿ ಬಂದರು, 2006ರಲ್ಲಿ 8,773. ಆನ್‌ಲೈನ್ ಮೇಜುಗಳಿಗೆ ಬಂದವರ ಲೆಕ್ಕ ಇಟ್ಟವರಾರು. ಅಲ್ಲಿ ಹಳಬರು ಒಂದೇ ಸಲ ಹಲವು ಮೇಜು ತೆರೆದು ಕೂತಿದ್ದರು. ಯಾವ ಹೆಸರಿನವನು ನೂರರಲ್ಲಿ ಎಷ್ಟು ಕೈಗೆ ದುಡ್ಡು ಹಾಕುತ್ತಾನೆ, ಎಷ್ಟು ಸಲ ಬಿಡುತ್ತಾನೆ ಎಂದು ತಂತ್ರಾಂಶವೇ ಎಣಿಸಿ ಅವನ ಹೆಸರಿನ ಪಕ್ಕ ಬರೆದಿಡುತ್ತಿತ್ತು. ಹಡಗಿನ ಜೂಜುಗಾರ ಅಂಗಿ, ಟೋಪಿ, ಮಾತು ನೋಡಿ ಮಿಕ ಹುಡುಕುತ್ತಿದ್ದ. ಈಗ ಅಂಕಿ ನೋಡಿದರೆ ಸಾಕು. ಚೆನ್ನಾಗಿ ಆಡುವುದಕ್ಕಿಂತ ಸರಿಯಾದ ಮೇಜು ಹುಡುಕುವುದೇ ದೊಡ್ಡ ವಿದ್ಯೆಯಾಯಿತು. ಕೊನೆಗೆ ಕೆಲವು ತಾಣಗಳು ಆಟಗಾರರ ಹೆಸರನ್ನೇ ಮರೆಮಾಡಿದವು. ಹೊಸಬರ ಮೇಲಿನ ಕರುಣೆಯಿಂದಲ್ಲ. ಕೆರೆಯಲ್ಲಿ ಮರಿಮೀನು ಒಂದೇ ದಿನಕ್ಕೆ ಖಾಲಿಯಾದರೆ ಗುತ್ತಿಗೆದಾರನಿಗೂ ನಷ್ಟ.

ಅಮೆರಿಕದಲ್ಲಿ 2006ರ ಕಾನೂನು ಹಣ ಪಾವತಿಯ ದಾರಿ ಕಟ್ಟಿತು, 2011ರ ಏಪ್ರಿಲ್ 15ರಂದು ದೊಡ್ಡ ತಾಣಗಳ ಮೇಲೆ ಮೊಕದ್ದಮೆ ಬಿತ್ತು. ಆ ಭರಾಟೆ ಅಲ್ಲಿಗೆ ಇಳಿಯಿತು.

ಯಂತ್ರಕ್ಕೆ ಹೊಸಬ ಬೇಕಿಲ್ಲ

ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದವರು ಬಹಳ ಕಾಲದಿಂದ ಪೋಕರ್ ಆಡುವ ಗಣಕ ಕಟ್ಟುತ್ತಿದ್ದರು. 1998ರ ಹೊತ್ತಿಗೆ ಎದುರಾಳಿಯ ಅಭ್ಯಾಸ ಗಮನಿಸಿ ಅದಕ್ಕೆ ತಕ್ಕಂತೆ ಆಡುವುದನ್ನು ಯಂತ್ರಕ್ಕೆ ಕಲಿಸಲು ಹೊರಟರು. ಆಗ ಎದುರಾದ ತೊಡಕು ಎಲ್ಲ ಆಟಗಾರರಿಗೂ ಗೊತ್ತಿರುವಂಥದ್ದೇ. ಕಲ್ಲು-ಕಾಗದ-ಕತ್ತರಿ ಆಡುವಾಗ ಎದುರಿನವನು ಬರೀ ಕಲ್ಲು ಹಾಕುತ್ತಾನೆ ಎಂದು ನೀವು ಬರೀ ಕಾಗದ ಹಾಕತೊಡಗಿದರೆ, ಅವನು ಕತ್ತರಿ ತೆಗೆದ ದಿನ ನೀವು ಮುಗಿದಿರಿ. ಹೊಸಬ ಎಂದುಕೊಂಡವನು ಹೊಸಬನಲ್ಲದಿದ್ದರೆ? 2007ರಲ್ಲಿ ಅದೇ ಗುಂಪು ಇದಕ್ಕೊಂದು ಮಧ್ಯದ ದಾರಿ ತೋರಿಸಿತು: ಎದುರಿನವನ ತಪ್ಪಿನಿಂದ ಸಿಗುವ ಲಾಭದಲ್ಲಿ ಸ್ವಲ್ಪ ಬಿಟ್ಟುಕೊಟ್ಟರೆ ತನಗಾಗಬಹುದಾದ ನಷ್ಟ ಬಹಳಷ್ಟು ತಗ್ಗುತ್ತದೆ.

ಆದರೆ ದೊಡ್ಡ ಗೆಲುವು ಬಂದದ್ದು ಇನ್ನೊಂದು ದಿಕ್ಕಿನಿಂದ. 2015ರ ಜನವರಿಯಲ್ಲಿ ಅವರದೇ ಸೀಫಿಯಸ್ ಎಂಬ ಯಂತ್ರ, ಪಣಕ್ಕೆ ಮಿತಿಯಿರುವ ಇಬ್ಬರ ಹೋಲ್ಡ್‌ಎಮ್ ಆಟವನ್ನು ಹೆಚ್ಚುಕಡಿಮೆ ಪೂರ್ತಿ ಬಿಡಿಸಿತು. ತನ್ನ ವಿರುದ್ಧ ತಾನೇ ಆಡಿ ಆಡಿ ಕಲಿತದ್ದು. 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಲಿಬ್ರಾಟಸ್ ಎಂಬ ಯಂತ್ರ ನಾಲ್ವರು ವೃತ್ತಿಪರರ ಎದುರು 1,20,000 ಕೈ ಆಡಿ ಗೆದ್ದಿತು. ಅದು ಎದುರಿನವರ ದೌರ್ಬಲ್ಯ ಹುಡುಕಲಿಲ್ಲ. ಹಗಲು ಆ ನಾಲ್ವರು ತನ್ನಲ್ಲಿ ಕಂಡುಹಿಡಿದ ತೂತನ್ನು ರಾತ್ರಿ ಕೂತು ಮುಚ್ಚಿಕೊಳ್ಳುತ್ತಿತ್ತು. ಎದುರು ಯಾರು ಕೂತಿದ್ದಾರೆ ಎಂಬ ಗೊಡವೆಯೇ ಅದಕ್ಕಿರಲಿಲ್ಲ.

ಮನುಷ್ಯರ ಸಣ್ಣ ಪಣದ ಮೇಜಿನಲ್ಲಿ ಇದರಿಂದ ಹೆಚ್ಚೇನೂ ಬದಲಾಗಿಲ್ಲ. ಅಲ್ಲಿ ಲಾಭ ಇರುವುದು ಈಗಲೂ ನಡುವಿನ ಏಳಕ್ಕೆ ಕಾಯುವವನಲ್ಲೇ.

ಕೌಶಲ ಎಂಬ ಗುರಾಣಿ

ನಮ್ಮ ನ್ಯಾಯಾಲಯಗಳು ಇಸ್ಪೀಟನ್ನು ನೋಡಿದ ಬಗೆ ಬೇರೆ. 1967ರಲ್ಲಿ ಆಂಧ್ರದ ಕ್ಲಬ್ಬೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯಲ್ಲಿ ಬಿದ್ದ ಎಲೆ ನೆನಪಿಡುವ, ಕೂಡಿಸುವ ಕೌಶಲ ಮುಖ್ಯ ಎಂದಿತು. ನಮ್ಮ ಮೂರೆಲೆ ಆಟವನ್ನು ಬರೀ ಅದೃಷ್ಟ ಎಂದು ಪಕ್ಕಕ್ಕಿಟ್ಟಿತು. ಕೌಶಲವಿದ್ದರೆ ಜೂಜಲ್ಲ ಎಂಬ ಗೆರೆ ಹೀಗೆ ಬಲವಾಯಿತು. 2013ರಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಪೋಕರ್ ಬಂದಾಗ, ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಕಿಲ್ಲ ಎಂಬ ನಿಲುವು ಹೊರಬಿತ್ತು. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗವನ್ನು ಅಸಿಂಧುಗೊಳಿಸಿತು. ಕಾರಣ ಮತ್ತೆ ಅದೇ, ಕೌಶಲದ ಆಟ ಜೂಜಲ್ಲ.

ಪೋಕರ್‌ನಲ್ಲಿ ಕೌಶಲ ಇದೆ ಎಂಬುದರಲ್ಲಿ ನಮಗೂ ಸಂಶಯವಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಮತ್ತು ಥಾಮಸ್ ಮೈಲ್ಸ್ 2010ರ ವಿಶ್ವ ಸರಣಿಯ ಪಂದ್ಯಗಳನ್ನು ಲೆಕ್ಕ ಹಾಕಿದ್ದಾರೆ. ನುರಿತವರೆಂದು ಮೊದಲೇ ಗುರುತಿಸಲಾಗಿದ್ದ 720 ಮಂದಿ ಹಾಕಿದ ದುಡ್ಡಿನ ಮೇಲೆ ಶೇ 30ಕ್ಕೂ ಹೆಚ್ಚು ಗಳಿಸಿದ್ದರು. ಉಳಿದವರೆಲ್ಲ ಸರಾಸರಿ ಶೇ 15ರಷ್ಟು ಕಳೆದುಕೊಂಡಿದ್ದರು. ವಕೀಲರು ಈ ಅಂಕಿಗಳಲ್ಲಿ ಮೊದಲನೆಯದನ್ನು ಎತ್ತಿ ತೋರಿಸುತ್ತಾರೆ. ನಾವು ಎರಡನೆಯದನ್ನು ಓದುತ್ತೇವೆ. ಕೌಶಲ ಹೆಚ್ಚಿದಷ್ಟೂ ಹೊಸಬ ಸೋಲುವುದು ಖಚಿತವಾಗುತ್ತ ಹೋಗುತ್ತದೆ. ಅಂದರ್ ಬಾಹರ್ ಆಡುವವನಿಗೆ ಎದುರು ಕೂತವನಷ್ಟೇ ಅವಕಾಶವಾದರೂ ಇದೆ. ಕಾನೂನು ಅವನನ್ನು ಜೀಪು ಹತ್ತಿಸುತ್ತದೆ, ಗೆಲ್ಲುವ ಅವಕಾಶವೇ ಕಮ್ಮಿಯಿರುವ ಮೇಜಿಗೆ ಕೌಶಲದ ಹೆಸರಿನಲ್ಲಿ ಬಾಗಿಲು ತೆರೆಯುತ್ತದೆ. ಆಟ ಆಡಿಸುವ ಕಂಪನಿಗಳ ವಾದದಲ್ಲಿ ನಮಗೆ ಯಾವತ್ತೂ ಸಿಗದ ವಾಕ್ಯ ಇದು. ಸರ್ಕಾರದ ವಾದದಲ್ಲೂ ಅಷ್ಟಾಗಿ ಕಾಣಲಿಲ್ಲ.

2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಆಟಗಳ ಕಾಯ್ದೆ ಈ ಗೆರೆಯನ್ನೇ ಅಳಿಸಿತು. ಹಣ ಕಟ್ಟಿ, ಗೆದ್ದರೆ ಹಣ ಸಿಗುತ್ತದೆಂದು ಆಡುವ ಆನ್‌ಲೈನ್ ಆಟ ಕೌಶಲದ್ದೋ, ಅದೃಷ್ಟದ್ದೋ, ಎರಡೂ ಸೇರಿದ್ದೋ ಎಂದು ಅದು ಕೇಳುವುದೇ ಇಲ್ಲ. ಅರಳಿಕಟ್ಟೆಯ ಮೇಲೆ ಕೂತು ಆಡುವವರಿಗೆ ಈ ಕಾಯ್ದೆ ಸಂಬಂಧಿಸಿದ್ದಲ್ಲ. ಅವರಿಗೆ 1963ರ ಪೊಲೀಸ್ ಕಾಯ್ದೆಯೇ ಇದೆ.